ತಂಬಿಗೆಯ ಮೇಲಿನ ಪಿಎಚ್.ಡಿ.

ನಾನು ಓದು ನಿಲ್ಲಿಸಿದ್ದು 1983ರಲ್ಲಿ, ಎಂಟನೆಯ ತರಗತಿಯ ನಡುವೆ. ಯಾರೂ ಬಿಡಿಸಲಿಲ್ಲ. ಬಡತನ ಬಿಡಿಸಿತು ಎಂದು ಹೇಳಿಕೊಳ್ಳುವ ಹಾಗೂ ಇರಲಿಲ್ಲ. ಕೊಟ್ಟೂರಿನಲ್ಲಿ ನಮ್ಮಪ್ಪನದು ಪಾತ್ರೆ ಅಂಗಡಿ. ಮಾರಿದ ಪಾತ್ರೆಯ ಮೇಲೆ ಚಿಕ್ಕ ಉಳಿ, ಚಿಕ್ಕ ಸುತ್ತಿಗೆ ಹಿಡಿದು ಚುಕ್ಕೆ ಚುಕ್ಕೆಯಾಗಿ ಗಿರಾಕಿಯ ಹೆಸರು ಹಾಕಿಕೊಡುವುದು ನನ್ನ ಪಾಲಿನ ಕೆಲಸ. ಅದು ಕೈಗೆ ಎಷ್ಟು ಹತ್ತಿಬಿಟ್ಟಿತ್ತೆಂದರೆ ಪರೀಕ್ಷೆಯ ಹಾಳೆಯ ಮೇಲೂ ಅಕ್ಷರಗಳನ್ನು ಚುಕ್ಕೆ ಇಟ್ಟೇ ಬರೆಯುತ್ತಿದ್ದೆ. ನನ್ನ ಹೆಸರು, ಅಪ್ಪನ ಹೆಸರು, ಊರು ಮುಗಿಯುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ನಮ್ಮ ಮಾಸ್ತರು ಒಮ್ಮೆ ನನ್ನ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಲೇ, ಇದು ಇತಿಹಾಸನೋ, ಇರುವಿ ಸಾಲೋ?" ಎಂದರು. ಮರುದಿನದಿಂದ ನಾನು ಪೂರ್ತಿ ಅಂಗಡಿಯವನಾದೆ.

ಅದಕ್ಕೆ ನನಗೆ ಬೇಸರವಿಲ್ಲ. ಬಸ್ಸಿನ ಟಾಪಿನ ಮೇಲೆ ಕೊಡಗಳನ್ನು ಕಟ್ಟಿಕೊಂಡು ಸಂತೆ ಸಂತೆ ತಿರುಗಿದ್ದೇನೆ. ಬಿಸಿಲಿಗೆ ಕಾದ ಪರಾತ ತಲೆಯ ಮೇಲೆ ಹೊತ್ತು ನಡೆದಿದ್ದೇನೆ. ಅಪ್ಪ ಕಣ್ಣು ಮುಚ್ಚುವ ಹೊತ್ತಿಗೆ ಒಂದು ಬಾಗಿಲಿನ ಅಂಗಡಿಯನ್ನು ಮೂರು ಬಾಗಿಲಿನದು ಮಾಡಿದ್ದೆ. ಉಳಿ-ಸುತ್ತಿಗೆ ಬದಿಗಿಟ್ಟು ಕರೆಂಟಿನಿಂದ ಹೆಸರು ಹಾಕುವ ಮಷೀನು ತಂದಿದ್ದೆ. ಅದು ಜುಂಯ್ ಎಂದು ಶುರುವಾದರೆ ಎದುರಿನ ಮಂಡಕ್ಕಿ ಅಂಗಡಿಯವನು ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದ.

ನಮ್ಮ ಕಡೆಯ ಮದುವೆಗಳಲ್ಲಿ ಆಗ ಮುಯ್ಯಿ ಎಂದರೆ ಪಾತ್ರೆ. ಅದರ ಮೇಲೆ ಕೊಟ್ಟವರ ಹೆಸರು ಇರಲೇಬೇಕು. ಹೆಸರಿಲ್ಲದ ಪಾತ್ರೆ ಕೊಟ್ಟರೆ ಕೊಟ್ಟೂ ಕೊಡದ ಹಾಗೆ. ಮದುವೆಯ ಮನೆಯವರು ಮರೆಯಬಾರದು, ಮುಂದೆ ಆ ಮನೆಗೆ ಬಂದು ನೀರು ಕುಡಿದವರೂ ಓದಿಕೊಂಡು ಹೋಗಬೇಕು. ಹಾಗಾಗಿ ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಯಾರ ಅಡಿಗೆಮನೆಗೆ ಹೋದರೂ ಗೂಡಿನ ತುಂಬ ನೆಂಟರ ಹೆಸರುಗಳು ಬೋರಲಾಗಿ ಮಲಗಿರುತ್ತವೆ.

ಪದವಿಯ ಹುಚ್ಚು ಹತ್ತಿಸಿದ್ದು ಹಗರಿಬೊಮ್ಮನಹಳ್ಳಿಯ ನನ್ನ ಷಡ್ಡಕ. ಅವನದು ಗೊಬ್ಬರದ ಅಂಗಡಿ. ಒಂದು ಮದುವೆಯಲ್ಲಿ ಊಟಕ್ಕೆ ಕುಳಿತಾಗ ನನ್ನ ಮುಂದೆ ಬಂದ ನೀರಿನ ಲೋಟದ ಮೇಲೆ ಅವನ ಹೆಸರು, ಅದರ ಕೆಳಗೆ ಅವನ ತಮ್ಮನ ಹೆಸರು, ಅದರ ಮುಂದೆ 'ಬಿ.ಇ.' ಎಂದು ಇತ್ತು. ಅದೂ ನನ್ನ ಅಂಗಡಿಯಲ್ಲಿ ಹಾಕಿಸಿದ್ದಲ್ಲ. ಪಕ್ಕದಲ್ಲಿ ಕುಳಿತಿದ್ದ ಅವನು, "ಕುಡೀರಿ, ಕುಡೀರಿ. ಎಂಜಿನಿಯರ್ ನೀರು" ಎಂದ. ನಾನು ಆ ಊಟದಲ್ಲಿ ನೀರೇ ಕುಡಿಯಲಿಲ್ಲ. ಹೋಳಿಗೆ ಗಂಟಲಲ್ಲಿ ನಿಂತರೂ ಮಜ್ಜಿಗೆಯಲ್ಲೇ ಇಳಿಸಿದೆ.

ನನಗೂ ಒಬ್ಬ ತಮ್ಮನಿದ್ದ. ನನಗಿಂತ ಏಳು ವರ್ಷಕ್ಕೆ ಚಿಕ್ಕವನು. ಅವನಿಗೆ ಉಳಿ ಮುಟ್ಟಗೊಡದೆ ಓದಿಸಿದ್ದೆ. 1999ರಲ್ಲಿ ಅವನು ಎಂ.ಬಿ.ಎ. ಮುಗಿಸಿದ. ಅಂಗಡಿಗೆ ಬಂದವರಿಗೆಲ್ಲ ಪೇಡೆ ಕೊಟ್ಟೆ. ಮಂಡಕ್ಕಿಯವನು ಎರಡು ಪೇಡೆ ತಿಂದು ಕೇಳಿದ:

"ಅದನ್ನ ಓದಿದ್ರ ಏನು ಬರತೈತಿ?"

"ವ್ಯಾಪಾರ ಬರತೈತಿ."

"ನಿನಗ ಓದಲಾರದನ ಬಂದೈತಲ್ಲಪಾ?"

"ನಾನು ಅಂಗಡಿ ನಡಸ್ತೀನಿ. ಅವನು ಅಂಗಡಿ ನಡಸೋರನ್ನ ನಡಸ್ತಾನ."

ಮರುವರ್ಷ ತಮ್ಮ ಅದೇ ವ್ಯಾಪಾರದ ವಿಷಯದಲ್ಲಿ ಪಿಎಚ್.ಡಿ.ಗೆ ಸೇರಿಕೊಂಡ. ಮಂಡಕ್ಕಿಯವನು ಮತ್ತೆ ಬಂದ.

"ಈಗ ಏನಾಗ್ತಾನ?"

"ಅಂಗಡಿ ನಡಸೋರನ್ನ ನಡಸೋರಿಗೆ ಪಾಠ ಹೇಳ್ತಾನ."

"ಹಂಗಾದ್ರ ಅಂಗಡ್ಯಾಗ ಕುಂದ್ರೋರು ಯಾರು?"

"ನಾನ!"

ಮುಯ್ಯಿಯ ತಂಬಿಗೆಗಳ ಮೇಲೆ ಮೊದಲು ನನ್ನ ಹೆಸರು, ಕೆಳಗೆ ತಮ್ಮನ ಹೆಸರು, ಮುಂದೆ 'ಎಂ.ಬಿ.ಎ.' ಎಂದು ಹಾಕತೊಡಗಿದ್ದೆ. ಅವನು ಪಿಎಚ್.ಡಿ.ಗೆ ಸೇರಿದ ಮೇಲೆ ಒಂದು ತೊಡಕು ಎದುರಾಯಿತು. ಎಷ್ಟು ವರ್ಷದ ಓದು ಎಂದು ಕೇಳಿದ್ದಕ್ಕೆ ತಮ್ಮ ಮೂರು ವರ್ಷ ಎಂದಿದ್ದ. ಸ್ಟೀಲಿನ ತಂಬಿಗೆ ಮೂರು ತಲೆಮಾರು ಬಾಳುತ್ತದೆ. ಇವತ್ತು ಎಂ.ಬಿ.ಎ. ಎಂದಷ್ಟೇ ಹಾಕಿ ಕೊಟ್ಟರೆ ಮೂರು ವರ್ಷಕ್ಕೆ ಅದು ಹಳೆಯದಾಗುತ್ತದೆ. ಆಮೇಲೆ ಮಷೀನು ಹೊತ್ತುಕೊಂಡು ಮನೆ ಮನೆಗೆ ಹೋಗಿ, "ಅವ್ವಾ, ನಿಮ್ಮ ತಂಬಿಗಿ ತರ್ರಿ, ಒಂದು ಪದವಿ ಸೇರಸಬೇಕು" ಎನ್ನಲಾಗುತ್ತದೆಯೇ? ಅದಕ್ಕೆ ನಾನು ವ್ಯಾಪಾರಸ್ಥನ ಬುದ್ಧಿ ಓಡಿಸಿ, ಮೊದಲೇ 'ಎಂ.ಬಿ.ಎ., ಪಿಎಚ್.ಡಿ.' ಎಂದು ಹಾಕಿಬಿಟ್ಟೆ.

ಮಷೀನಿನ ಸದ್ದಿಗೆ ಹೊರಬಂದು ಓದಿದ ನನ್ನ ಹೆಂಡತಿ, "ಕೂಸು ಹುಟ್ಟೋಕ ಮೊದಲ ಕುಲಾವಿ ಹೊಲಿಸಿದ್ರಂತ. ಅವ ಇನ್ನಾ ಫೀಸು ಕಟ್ಟ್ಯಾನ ಅಷ್ಟ" ಎಂದಳು.

"ಕುಲಾವಿ ಹರೀತೈತಿ. ಸ್ಟೀಲು ಹರಿಯಂಗಿಲ್ಲ" ಎಂದೆ.

"ಅದನ್ನ ನಾನೂ ಹೇಳಾಕ ಹತ್ತೀನಿ" ಎಂದು ಒಳಗೆ ಹೋದಳು.

ಆ ಮೂರು ವರ್ಷ ನನ್ನನ್ನು ಕರೆದ ಮದುವೆ ಒಂದನ್ನೂ ಬಿಡಲಿಲ್ಲ. ಕರೆಯದ ಕೆಲವಕ್ಕೂ ಹೋದೆ. ಸುತ್ತಲಿನ ತಾಲ್ಲೂಕುಗಳ ಅಡಿಗೆಮನೆಗಳಲ್ಲಿ ನನ್ನ ತಮ್ಮನ ಪಿಎಚ್.ಡಿ. ನೀರು ಕುಡಿಸಿತು, ಹಾಲು ಕಾಯಿಸಿತು, ಮಜ್ಜಿಗೆ ಹೊತ್ತು ಹೊಲಕ್ಕೆ ಹೋಯಿತು. ಯುನಿವರ್ಸಿಟಿಯಲ್ಲಿ ಕುಳಿತಿದ್ದ ತಮ್ಮನಿಗೆ ಮಾತ್ರ ಇದರ ಸುಳಿವಿರಲಿಲ್ಲ. ನಾನು ಮುಚ್ಚಿಡಲಿಲ್ಲ. ಅವನು ಕೇಳಲಿಲ್ಲ, ನಾನು ಹೇಳಲಿಲ್ಲ, ಅಷ್ಟೇ.

2003ರ ಬೇಸಿಗೆಯಲ್ಲಿ ತಮ್ಮ ಪೆಟ್ಟಿಗೆ ಸಮೇತ ಮನೆಗೆ ಬಂದ. ಊಟಕ್ಕೆ ಕುಳಿತು ರೊಟ್ಟಿ ಮುರಿಯುತ್ತ, "ಅಣ್ಣ, ಪಿಎಚ್.ಡಿ. ಬಿಡಬೇಕಂತ ಮಾಡೀನಿ" ಎಂದ.

ನನ್ನ ಕೈಯಲ್ಲಿದ್ದ ರೊಟ್ಟಿ ಪಲ್ಯ ಬಿಟ್ಟು ನೀರಿನ ಲೋಟಕ್ಕೆ ಹೋಯಿತು.

ಅವನ ಕಷ್ಟ ಅವನಿಗೆ ಇತ್ತು. ಸಣ್ಣ ಊರುಗಳ ಜನ ಮನೆ ಸಾಮಾನನ್ನು ಹೇಗೆ ಕೊಳ್ಳುತ್ತಾರೆ, ಹೇಗೆ ಇಟ್ಟುಕೊಳ್ಳುತ್ತಾರೆ ಎಂಬುದು ಅವನ ಸಂಶೋಧನೆ. ಅದಕ್ಕಾಗಿ ಪ್ರಶ್ನೆಗಳನ್ನು ಅಚ್ಚು ಹಾಕಿಸಿ, ಉತ್ತರಕ್ಕೆ ಅಂಚೆ ಚೀಟಿ ಅಂಟಿಸಿ, ನಮ್ಮ ಕಡೆಯ ಹಳ್ಳಿಗಳ ಮನೆಗಳಿಗೆ ಕಳಿಸಿದ್ದನಂತೆ. 'ಗೃಹೋಪಯೋಗಿ ವಸ್ತುಗಳ ಆಯ್ಕೆಯಲ್ಲಿ ತಮ್ಮ ನಿರ್ಧಾರವನ್ನು ಪ್ರಭಾವಿಸುವ ಅಂಶಗಳಾವುವು?' ಎಂಬಂಥ ಪ್ರಶ್ನೆಗಳು. ಹೆಚ್ಚಿನವರು ಉತ್ತರಿಸಲೇ ಇಲ್ಲ. ಒಬ್ಬರು, 'ನಾವೆಲ್ಲ ಚೆನ್ನಾಗಿದ್ದೇವೆ, ತಾವೂ ಚೆನ್ನಾಗಿದ್ದೀರೆಂದು ನಂಬಿದ್ದೇವೆ' ಎಂದು ಬರೆದಿದ್ದರು. ಇನ್ನೊಬ್ಬರು ಅದೇ ಲಕೋಟೆಯಲ್ಲಿ ಮಗಳ ಮದುವೆಯ ಪತ್ರಿಕೆ ಇಟ್ಟು ಕಳಿಸಿದ್ದರು.

"ಅಷ್ಟರಾಗ ಒಂದು ಕುಕ್ಕರ್ ಕಂಪನಿ ಕರದೈತಿ. ಹರಪನಹಳ್ಳಿ ಕಡೆ ಮಾರಾಟಕ್ಕ ಮ್ಯಾನೇಜರ್. ಅವರಿಗೆ ಎಂ.ಬಿ.ಎ. ಸಾಕು. ಪಿಎಚ್.ಡಿ. ಮಾಡಾಕ ಹತ್ತೀನಿ ಅಂದ್ರ ಮುಖ ಸಣ್ಣ ಮಾಡಿದ್ರು. ಭಾಳ ಓದಿದ್ರ ಬಿಟ್ಟು ಹೋಗ್ತೀರಿ ಅಂದ್ರು. ದೀಪಾವಳಿ ಒಳಗ ಹೇಳಬೇಕು."

"ಎಂಥಾ ಕಂಪನಿಯೋ! ಪದವಿ ಹೆಚ್ಚಾದ್ರ ಬೆಲಿ ಕಮ್ಮಿ ಮಾಡತೈತಿ?"

"ಅಣ್ಣ, ನೀನು ಯಾಕ ಇಷ್ಟು ಬೆವರಾಕ ಹತ್ತಿ?"

ನನ್ನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡಿಗೆಮನೆಗೆ ಎದ್ದು ಹೋದಳು. ಒಳಗಿನಿಂದ ಪಾತ್ರೆ ಬೀಳುವ ಸದ್ದಾಯಿತು. ನಗು ತಡೆಯಲಾರದೆ ಬೀಳಿಸಿದ್ದಳು.

ನಾನು ಮಾತು ತಿರುಗಿಸಿದೆ. ಹಡಗಲಿಯಿಂದ ಒಂದು ಸಂಬಂಧ ಬಂದಿತ್ತು. ಹುಡುಗಿ ಎಂ.ಕಾಂ. ಓದಿ ಅಲ್ಲಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ಅವರ ತಂದೆಗೆ ಮಲ್ಲಿಗೆ ತೋಟ. ಅವರೇ ಮುಂದಾಗಿ ಹೇಳಿ ಕಳಿಸಿದ್ದರು. ಏಕೆ ಎಂದು ನಾನು ಕೇಳಿರಲಿಲ್ಲ. ನಮ್ಮ ಮನೆತನಕ್ಕೆ ಸಂಬಂಧ ತಾನಾಗಿ ಬರುವುದರಲ್ಲಿ ಆಶ್ಚರ್ಯವೇನು ಎಂದುಕೊಂಡಿದ್ದೆ.

ಹುಡುಗಿ ನೋಡಲು ನಾನು, ತಮ್ಮ, ನನ್ನ ಹೆಂಡತಿ ಹೋದೆವು. ಪಡಸಾಲೆಯಲ್ಲಿ ಕೂರಿಸಿದರು. ಹುಡುಗಿಯೇ ನೀರು ತಂದಳು. ತಮ್ಮನ ಮುಂದೆ ತಂಬಿಗೆ ಇಟ್ಟಳು. ಅವನು ಎತ್ತಿದ. ಎತ್ತಿದವನು ಕುಡಿಯಲಿಲ್ಲ. ತಂಬಿಗೆಯನ್ನು ನಿಧಾನವಾಗಿ ತಿರುಗಿಸುತ್ತ ಓದಿದ. ಮತ್ತೆ ಮೊದಲಿನಿಂದ ತಿರುಗಿಸಿ ಓದಿದ. ಆಮೇಲೆ ನನ್ನ ಕಡೆ ನೋಡಿದ. ನಾನು ತೊಲೆ ನೋಡಿದೆ.

ಹುಡುಗಿಯ ತಂದೆ ಬಹಳ ಹುರುಪಿನಲ್ಲಿದ್ದರು. "ನೋಡ್ರಿ ಯಜಮಾನ್ರ, ನಮ್ಮ ಹಿರೇ ಮಗಳ ಮದುವಿಗೆ ನೀವ ಕೊಟ್ಟಿದ್ದು. ದೇವರ ಮುಂದ ಇಟ್ಟೀವಿ. ಬಂದೋರೆಲ್ಲಾ ಓದ್ತಾರ. ಇಂಥಾ ಹುಡುಗ ಎಲ್ಲಿ ಸಿಗತಾನ ಅಂತ ನಾನ ಹೇಳಿ ಕಳಿಸಿದೆ" ಎಂದರು.

ತಮ್ಮ ತಂಬಿಗೆ ಕೆಳಗಿಟ್ಟ. "ಮಾವಾರ..." ಎಂದು ಶುರು ಮಾಡಿ, ಸಂಬಂಧ ಇನ್ನೂ ಕೂಡಿಲ್ಲ ಎಂದು ನೆನಪಾಗಿ, "ಅಲ್ಲ, ಯಜಮಾನ್ರ, ನಾನು ಇನ್ನಾ ಮುಗಿಸಿಲ್ರಿ. ಮುಗಸಾಂಗೂ ಇಲ್ಲ. ಬಿಟ್ಟು ಕುಕ್ಕರ್ ಕಂಪನಿ ಸೇರಾಕ ಹತ್ತೀನಿ" ಎಂದ.

ಹುಡುಗಿ ಬಾಗಿಲ ಹತ್ತಿರ ನಿಂತಿದ್ದವಳು ಕೇಳಿದಳು:

"ಹಂಗಾದ್ರ ನಾವು ಎರಡು ವರ್ಷದಿಂದ ಸುಳ್ಳು ತಂಬಿಗಿ ಪೂಜಾ ಮಾಡಾಕ ಹತ್ತೀವೇನ್ರಿ?"

"ಸುಳ್ಳಲ್ಲವ್ವಾ, ಸ್ವಲ್ಪ ಮುಂಚೆ ಆಗೈತಿ" ಎಂದೆ ನಾನು.

ಅವಳು ನಕ್ಕುಬಿಟ್ಟಳು. ಅವಳ ತಂದೆ ನಗಲಿಲ್ಲ. ಹುಡುಗಿ ತಮ್ಮನ ಕಡೆ ತಿರುಗಿ, "ನನಗೇನು ಪಿಎಚ್.ಡಿ. ಗಂಡನ ಬೇಕು ಅಂತಿಲ್ರಿ. ಕುಕ್ಕರ್ ಮಾರಿದ್ರೂ ನಡೀತೈತಿ. ಆದ್ರ ತಂಬಿಗಿ ಊರ ತುಂಬ ಒಂದು ಹೇಳೋದು, ಮನುಷ್ಯಾ ಒಂದು ಇರೋದು ಬ್ಯಾಡ. ಮುಗಿಸ್ರಿ, ಇಲ್ಲಾ ಅವನ್ನೆಲ್ಲಾ ವಾಪಸ್ ತಗೊಂಡ ಬಂದು ಅಳಿಸ್ರಿ. ಎರಡರಾಗ ಒಂದು ಮಾಡಿ ಬರ್ರಿ" ಎಂದಳು. ಚಹ ಕುಡಿಸಿಯೇ ಕಳಿಸಿದರು.

ಬಸ್ಸಿನಲ್ಲಿ ತಮ್ಮ ಹಗರಿಬೊಮ್ಮನಹಳ್ಳಿ ದಾಟಿದ ಮೇಲೆ, "ಎಷ್ಟು ತಂಬಿಗಿ ಅದಾವಣ್ಣ?" ಎಂದ.

"ಅದನ್ನ ಯಾರು ಎಣಸ್ತಾರೋ?"

"ಎಲ್ಲಾ ವಾಪಸ್ ತರಬೇಕು. ನನಗ ಆ ಹುಡುಗಿ ಸೇರ್ಯಾಳ."

ನನ್ನ ಆಸೆ ಅವನು ಓದು ಮುಗಿಸಲಿ ಎಂದು. ಅವನ ಹಠ ತಂಬಿಗೆ ತರಲೆಂದು. ಮದುವೆ ಮಾತ್ರ ಇಬ್ಬರಿಗೂ ಬೇಕಾಗಿತ್ತು. ಕೊನೆಗೆ ಅಣ್ಣನಾದವನು ನಾನೇ ತಗ್ಗಿದೆ. ಹಳೆಯ ತಂಬಿಗೆ ಕೊಟ್ಟವರಿಗೆ ಅದಕ್ಕಿಂತ ದೊಡ್ಡದಾದ ಹೊಸ ಕೊಡ ಕೊಡುವುದೆಂದು ಠರಾವಾಯಿತು.

ಕೂಡ್ಲಿಗಿಯಲ್ಲಿ ನನ್ನ ಗೆಳೆಯನೊಬ್ಬನಿದ್ದ, ಮುಸಲ್ಮಾನ, ಮೆಕ್ಯಾನಿಕ್. ನನ್ನ ಮಷೀನು ಕೆಟ್ಟರೂ ಅವನೇ ಬರಬೇಕು. ಅವನ ಬಳಿ ಒಂದು ಟೆಂಪೋ ಇತ್ತು. ಹಾರನ್ನು ಒಮ್ಮೆ ಒತ್ತಿದರೆ ಮುಂದಿನ ಊರಿನವರೆಗೆ ಅದೇ ಕೂಗುತ್ತಿತ್ತು. ಕೊಡಗಳನ್ನು ತುಂಬುವಾಗ ವಿಷಯ ಕೇಳಿದ ಅವನು ಸ್ಟೇರಿಂಗಿನ ಮೇಲೆ ತಲೆಯಿಟ್ಟು ನಕ್ಕ.

"ಕ್ಯಾ ಸಾವ್ಕಾರ್ರ! ಜಗತ್ತಿನ್ಯಾಗ ಎಲ್ಲಾರೂ ಹಳೇದು ಕೊಟ್ಟು ಹೊಸದು ತರ್ತಾರ. ನೀವು ಹೊಸದು ಕೊಟ್ಟು ಹಳೇದು ತರಾಕ ಹೊಂಟೀರಿ. ಇದನ್ನ ಯಾವ ಎಂ.ಬಿ.ಎ.ದಾಗ ಕಲಿಸಿದ್ರು?"

"ಗಾಡಿ ಹೊಡಿ ಭಾಯಿ."

ಮೊದಲು ಬಾಗಳಿಗೆ ಹೋದೆವು. ಆ ಮನೆಯ ಗೃಹಿಣಿ ಹೊಸ ಕೊಡವನ್ನು ತಟ್ಟಿ ನೋಡಿದಳು, ಒಳಗೆ ಕೈಯಿಟ್ಟು ನೋಡಿದಳು, ಚೆನ್ನಾಗಿದೆ ಎಂದಳು. ತಂಬಿಗೆ ಮಾತ್ರ ಕೊಡುವುದಿಲ್ಲ ಎಂದಳು.

"ನಮ್ಮ ಎಮ್ಮಿ ಅದರಾಗ ಹಿಂಡಿದ್ರ ಅಷ್ಟ ಹಾಲು ಬಿಡತೈತಿ. ಬ್ಯಾರೆ ತಂಬಿಗಿ ತಂದ್ರ ಒದೀತೈತಿ."

ತಮ್ಮ ಕೇಳಿದ, "ಎಮ್ಮಿಗೆ ಯಾವ ತಂಬಿಗಿ ಅಂತ ಹೆಂಗ ಗೊತ್ತಾಗತೈತವ್ವಾ?"

"ಪಿಎಚ್.ಡಿ. ಓದಿದಾಂವ ನೀನು. ನೀನ ಹೇಳು."

ಅವನು ಜೇಬಿನಿಂದ ಪೆನ್ನು ತೆಗೆದ. ಸೈಕಲ್ ಟ್ಯೂಬಿನಲ್ಲಿ ಕಟ್ಟಿಕೊಂಡು ಬಂದಿದ್ದ ಆ ಹಳೆಯ ಅಚ್ಚು ಹಾಳೆಗಳಲ್ಲಿ ಒಂದನ್ನು ಮೊಣಕಾಲ ಮೇಲೆ ಇಟ್ಟುಕೊಂಡ. ಹಾಳೆಗಳನ್ನು ಯಾಕೆ ತಂದೆ ಎಂದು ಆಮೇಲೆ ಕೇಳಿದರೆ, ಪೊಟ್ಟಣ ಕಟ್ಟಲು ಎಂದ. ಅವನ ಮಾತನ್ನು ನಾನು ನಂಬಿಲ್ಲ. ಅಚ್ಚಾದ ಪ್ರಶ್ನೆ ಬಿಟ್ಟು, "ಈ ತಂಬಿಗಿ ಯಾಕ ಕೊಡಂಗಿಲ್ಲ? ಉಳಿದವು ಯಾರು ಕೊಟ್ಟಿದ್ದು? ಯಾವುದನ್ನ ಮಾರ್ತೀರಿ, ಯಾವುದನ್ನ ಇಟ್ಕೋತೀರಿ?" ಎಂದು ಕೇಳಿದ. ಅಂಚೆಗೆ ಒಂದಕ್ಷರ ಬರೆಯದಿದ್ದ ಆ ಹೆಂಗಸು ಗೂಡಿನ ಒಂದೊಂದು ಪಾತ್ರೆಯನ್ನೂ ಇಳಿಸಿ, ಅದರ ಹೆಸರು, ಅದು ಬಂದ ಮದುವೆ, ಆ ಮದುವೆಯಲ್ಲಿ ಆದ ಜಗಳ ಎಲ್ಲ ಹೇಳಿದಳು. ನಾವು ಅಲ್ಲೇ ಊಟ ಮಾಡಬೇಕಾಯಿತು. ಹೊಸ ಕೊಡವನ್ನು ಅವಳು ವಾಪಸ್ ಕೊಡಲಿಲ್ಲ. ಮನೆಗೆ ತಂದದ್ದನ್ನು ಒಯ್ಯಬಾರದಂತೆ.

ಹಲವಾಗಲಿನಲ್ಲಿ ತಂಬಿಗೆಯೇ ಇರಲಿಲ್ಲ. ಯಜಮಾನ ಹೊಳೆಗೆ ಸ್ನಾನಕ್ಕೆ ಹೋದಾಗ ಕೈಯಿಂದ ಜಾರಿತ್ತು. "ನಿಮ್ಮ ತಮ್ಮಾರ ಪಿಎಚ್.ಡಿ. ತುಂಗಭದ್ರಾದಾಗ ತೇಲಿಕೋತ ಹೋತ್ರಿ. ನಾನು ಸ್ವಲ್ಪ ದೂರ ಈಜಿದೆ, ಸಿಗಲಿಲ್ಲ" ಎಂದು ಬೇಸರಪಟ್ಟ.

"ಈಗ ಡ್ಯಾಮಿಗೆ ಮುಟ್ಟಿರತೈತಿ ಬಿಡ್ರಿ. ಅಲ್ಲಿ ಎಂಜಿನಿಯರ್ ಇರ್ತಾರ. ಅವರಾದ್ರೂ ಓದ್ತಾರ" ಎಂದ ಗೆಳೆಯ.

ಅಷ್ಟರಲ್ಲಿ ನಮಗಿಂತ ಮುಂದೆ ಸುದ್ದಿ ಓಡಿತ್ತು. ಕೊಟ್ಟೂರಿನ ಪಾತ್ರೆಯವನು ಹೊಸ ಕೊಡ ಕೊಟ್ಟು ಹಳೆ ತಂಬಿಗೆ ಹುಡುಕುತ್ತಿದ್ದಾನೆ ಎಂದರೆ ಸುಮ್ಮನೆ ಅಲ್ಲ, ಆ ತಂಬಿಗೆಗಳಲ್ಲಿ ಬೆಳ್ಳಿ ಬೆರೆತಿದೆ ಎಂದು. ಹಾರನ್ನಿನ ಕೂಗು ಕೇಳಿದ ಕೂಡಲೇ ಜನ ತಂಬಿಗೆಯನ್ನು ಜೋಳದ ಚೀಲದಲ್ಲಿ ಹೂಳತೊಡಗಿದರು. ಹರಪನಹಳ್ಳಿಯ ಹತ್ತಿರ ಒಬ್ಬ, "ಬೆಳ್ಳಿ ಎಷ್ಟೈತಿ ಹೇಳ್ರಿ, ಆಮ್ಯಾಲೆ ಮಾತು" ಎಂದ. ಬೆಳ್ಳಿ ಇಲ್ಲ ಎಂದು ಆಣೆ ಮಾಡಿದೆ. "ಆಣಿ ಮಾಡಾಕ ಹತ್ಯಾರ ಅಂದ್ರ ಭಾಳ ಐತಿ" ಎಂದು ಹೆಂಡತಿಗೆ ಕಣ್ಣು ಹೊಡೆದ.

ತಂಬಿಗೆ ಸಿಗದಿದ್ದರೂ ತಮ್ಮ ಮಾತ್ರ ಪ್ರತಿ ಮನೆಯಲ್ಲೂ ಒಂದು ಗಂಟೆ ಕುಳಿತು ಎದ್ದು ಬರುತ್ತಿದ್ದ. ಹಾಳೆ ಮುಗಿದಾಗ ಅವುಗಳ ಹಿಂಬದಿಗೆ ಬರೆದ.

ಕೊನೆಗೆ ಗುಡೇಕೋಟೆ. ಅಲ್ಲೊಬ್ಬ ಅಜ್ಜಿ ತಂಬಿಗೆಯನ್ನು ತಾನಾಗಿಯೇ ತಂದು ನಮ್ಮ ಮುಂದೆ ಇಟ್ಟಳು. ನಾನು ಸಂತೋಷದಿಂದ ಕೈ ಚಾಚಿದೆ. ಅವಳು ನನ್ನ ಕೈಗೆ ಹೊಡೆದಳು.

"ತೋರಸಾಕ ತಂದೀನಿ, ಕೊಡಾಕಲ್ಲ. ನಮ್ಮ ವಂಶದಾಗ ಓದಿದ್ದು ಅಂದ್ರ ಇದೊಂದ. ನನ್ನ ಮೊಮ್ಮಗಳು ಇದರ ಮ್ಯಾಲ ಬೆರಳಾಡಿಸಿ ಅಕ್ಷರ ಕಲ್ತಾಳ." ಗೋಡೆಯ ಕಡೆ ತೋರಿಸಿದಳು. ಅಲ್ಲಿ ಇದ್ದಿಲಿನಲ್ಲಿ ಮಗು ಬರೆದಿತ್ತು, ಚುಕ್ಕೆ ಚುಕ್ಕೆಯಾಗಿ: ಪಿಎಚ್.ಡಿ.

ಇರುವೆ ಸಾಲು! ನನಗೆ ನಮ್ಮ ಮಾಸ್ತರ ನೆನಪಾಯಿತು. ತಮ್ಮ ಗೋಡೆಯ ಹತ್ತಿರ ಹೋಗಿ ಓದಿದ.

"ಅವ್ವಾ, ತಂಬಿಗಿ ಮ್ಯಾಲಿರೋ ಆ ಹುಡುಗ ನಾನ" ಎಂದ.

ಅಜ್ಜಿ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ನೀನಾ? ಇಷ್ಟ ಎತ್ತರನಾ?" ಎಂದಳು.

ವಾಪಸ್ ಬರುವಾಗ ಟೆಂಪೋದಲ್ಲಿ ಕೊಡಗಳು ಹೆಚ್ಚುಕಡಿಮೆ ಖಾಲಿಯಾಗಿದ್ದವು. ತಂಬಿಗೆಗಳು ಎರಡೇ ಎರಡು ಸಿಕ್ಕಿದ್ದವು. ತಮ್ಮ ಕಾಲಡಿಯಲ್ಲಿ ಹಾಳೆಗಳ ಕಟ್ಟು ಇಟ್ಟುಕೊಂಡು ಕುಳಿತಿದ್ದ. ಕೂಡ್ಲಿಗಿ ಬಂದಾಗ ಹೇಳಿದ:

"ಅಣ್ಣ, ಅಳಸಾಕ ಆಗಂಗಿಲ್ಲ. ಮುಗಸ್ತೀನಿ."

"ಕುಕ್ಕರ್?"

"ಸೀಟಿ ಹೊಡಕೊಂಡು ಹೋಗ್ಲಿ."

ಅವನು ಯುನಿವರ್ಸಿಟಿಗೆ ಹೊರಟ ದಿನ ನಾನು ಬುತ್ತಿಯ ಜೊತೆ ಒಂದು ಸಲಹೆಯನ್ನೂ ಕಟ್ಟಿಕೊಟ್ಟೆ, ಬೆಳ್ಳಿಯ ಗಾಳಿಸುದ್ದಿಯನ್ನೂ ಬರೆ ಎಂದು. ಬರೆದನಂತೆ. ಹೆಸರು ಹಾಕಿದ ಪಾತ್ರೆಯನ್ನು ಮನೆಯವರು ಯಾಕೆ ಮಾರುವುದಿಲ್ಲ, ಬದಲಾಯಿಸುವುದಿಲ್ಲ ಎಂಬುದೇ ಅವನ ಪ್ರಬಂಧದ ಮುಖ್ಯ ಭಾಗವಾಯಿತು. ಗೈಡು ಎಮ್ಮೆಯನ್ನು ಮಾತ್ರ ತೆಗೆಸಿದರು. ನನಗೆ ಅದೇ ಬಹಳ ಗಟ್ಟಿ ವಿಷಯ ಅನ್ನಿಸಿತ್ತು.

2005ರಲ್ಲಿ ಪದವಿ ಬಂತು. ಫೋನಿನಲ್ಲಿ ಸುದ್ದಿ ಹೇಳಿದಾಗ ನಾನು ಹೆಂಡತಿಗೆ, "ನೋಡಿದೆಯಾ, ಕುಲಾವಿ ಸರಿಯಾಗಿ ಕುಂತಿತು" ಎಂದೆ. "ಕೂಸು ಐದು ವರ್ಷ ತಡ ಮಾಡಿ ಬಂತು" ಎಂದಳು. ಹಡಗಲಿಯ ಹುಡುಗಿ ಕಾದಿದ್ದಳು. ಅವಳ ತಂದೆ ತಂಬಿಗೆಯನ್ನು ಆ ಎರಡು ವರ್ಷ ದೇವರ ಮುಂದಿನಿಂದ ತೆಗೆದು ಅಟ್ಟದ ಮೇಲೆ ಇಟ್ಟಿದ್ದರಂತೆ. ಸುದ್ದಿ ಬಂದ ದಿನ ಹುಣಸೆಹಣ್ಣು ಹಚ್ಚಿ ತಿಕ್ಕಿ ಮತ್ತೆ ಇಳಿಸಿದರು.

ಮದುವೆಗೆ ಮುಯ್ಯಿ ತರುವವರೆಲ್ಲ ನನ್ನ ಅಂಗಡಿಗೇ ಬಂದು ಹೆಸರು ಹಾಕಿಸಿದರು. ಹಾಕಿಸುವಾಗ ಸುಮ್ಮನೆ ಬಿಡಲಿಲ್ಲ. ಮಂಡಕ್ಕಿಯವನು ತನ್ನ ಹೆಸರಿನ ಮುಂದೆ 'ನಾಲ್ಕನೆಯ ಇಯತ್ತೆ' ಎಂದು ಹಾಕಿಸಿದ. ಬಾಗಳಿಯ ಹೆಂಗಸು ಎಮ್ಮೆಯ ಹೆಸರನ್ನೂ ಸೇರಿಸಬೇಕೆಂದಳು, ಸೇರಿಸಿದೆ. ಕೂಡ್ಲಿಗಿಯ ಗೆಳೆಯ ಒಂದು ದೊಡ್ಡ ಡಬರಿ ಆರಿಸಿ, 'ಪಿಎಚ್.ಡಿ. ಸಾಗಾಣಿಕೆ' ಎಂದು ಹಾಕಿಸಿಕೊಂಡ. ಷಡ್ಡಕನೂ ಬಂದ. ಅವನ ತಮ್ಮನ ಬಿ.ಇ.ಯನ್ನು ನಾನೇ, ನನ್ನ ಕೈಯಾರೆ, ಒಂದು ಚುಕ್ಕೆ ಕಡಿಮೆ ಮಾಡದೆ ಹಾಕಿಕೊಟ್ಟೆ. ಊಟದ ಪಂಕ್ತಿಯಲ್ಲಿ ಅವನ ಮುಂದೆ ನೀರು ಇಡಿಸಿದ್ದು ಯಾವ ತಂಬಿಗೆಯಲ್ಲಿ ಎಂದು ಹೇಳಬೇಕಾಗಿಲ್ಲ. ಅವನು ಮಜ್ಜಿಗೆ ಕೇಳಿದ.

ಈಗಲೂ ಅಂಗಡಿಗೆ ಬಂದವರು ಕೇಳುತ್ತಾರೆ, ಅಷ್ಟು ಓದಿದ್ದಕ್ಕೆ ಏನು ಸಿಕ್ಕಿತು ಎಂದು. ತಮ್ಮ ಹಗರಿಬೊಮ್ಮನಹಳ್ಳಿಯ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ. ಮೊದಮೊದಲು ಕುಕ್ಕರಿನವರು ಕೊಡುತ್ತೇವೆಂದಿದ್ದಕ್ಕಿಂತ ಸಂಬಳ ಕಡಿಮೆಯೇ ಇತ್ತು, ಈಗ ಪರವಾಗಿಲ್ಲ. ಅವನಿಗೆ ಕೆಲಸ ಸೇರಿದೆ, ಹೆಂಡತಿ ಸೇರಿದ್ದಾಳೆ. ನನ್ನ ಅಂಗಡಿಗೆ ಅವನು ಕೊಟ್ಟ ಸಲಹೆ ಒಂದೇ: "ಅಣ್ಣ, ಮೊದಲ ಫಲಿತಾಂಶ, ಆಮ್ಯಾಲೆ ಮಷೀನು." ಅದನ್ನು ಪಾಲಿಸುತ್ತಿದ್ದೇನೆ, ಹೆಚ್ಚುಕಡಿಮೆ.

ಈಗ ನನ್ನಲ್ಲಿ ಇರುವುದು ಇಷ್ಟು. ಮೂರು ಬಾಗಿಲಿನ ಅಂಗಡಿ ಒಂದು. ಹೆಸರು ಹಾಕುವ ಮಷೀನು ಎರಡು, ನಡೆಯುವುದು ಒಂದು. ಅಪ್ಪನ ಉಳಿ ಒಂದು, ಸುತ್ತಿಗೆ ಒಂದು. ಹೆಂಡತಿ ಒಬ್ಬಳು, ಮಕ್ಕಳು ಇಬ್ಬರು, ತಮ್ಮ ಒಬ್ಬ. ವಾಪಸ್ ಬಂದ ತಂಬಿಗೆ ಎರಡು. ಅದರಲ್ಲಿ ಒಂದು ಸೋರುತ್ತದೆ.